ಹೇರು ಗಾಡಿಯ ಬ್ರೇಕ್: ಮೊದಲು ಬಿಸಿಯ ಲೆಕ್ಕ ಹಾಕಿ

ಕಳೆದ ಮಳೆಗಾಲದಲ್ಲಿ ಯಳ್ಳೂರು ಕಡೆಯವರೊಬ್ಬರು ಬೆಳಗಾವಿ ಉದ್ಯಮಬಾಗದ ನನ್ನ ಶೆಡ್ಡಿಗೆ ತಮ್ಮ ಬ್ಯಾಟರಿ ಗಾಡಿ ತಂದರು. ಮುಂದೆ ಒಂದು ಗಾಲಿ, ಹಿಂದೆ ಎರಡು, ಅದರ ಮೇಲೆ ಪೆಟ್ಟಿಗೆ. ರಾಜಹಂಸಗಡದ ಕೋಟೆ ಗುಡ್ಡದ ಮೇಲೆ ನೀರಿನ ಬಾಟಲಿ, ತಂಪು ಪಾನೀಯ, ಚುರುಮುರಿ ಮಾರುವುದು ಅವರ ಕೆಲಸ. ದಿನಾ ಬೆಳಗ್ಗೆ ತುಂಬಿದ ಗಾಡಿ ಹತ್ತಿಸುತ್ತಾರೆ, ಸಂಜೆ ಖಾಲಿ ಗಾಡಿ ಇಳಿಸುತ್ತಾರೆ. ಆ ದಿನ ಬೆಳಗ್ಗೆಯಿಂದ ಮಳೆ, ಮಂಜು. ಗಡಕ್ಕೆ ಜನವೇ ಬರಲಿಲ್ಲ. ಮಧ್ಯಾಹ್ನ ಮಳೆ ನಿಂತ ಮೇಲೆ ಒಂದು ಬಾಟಲಿಯೂ ಇಳಿಸದೆ ತುಂಬಿದ ಗಾಡಿಯನ್ನೇ ಕೆಳಗೆ ತಂದರು.

"ಅರ್ಧ ದಾರಿಗೆ ಬ್ರೇಕ್ ಹಿಡೀಲೇ ಇಲ್ರೀ ಅಣ್ಣಾರ. ಲಿವರ್ ಬಂದು ಹ್ಯಾಂಡಲ್‌ಗೆ ಹತ್ತಿತು" ಅಂದರು. ಪಕ್ಕದ ಮಣ್ಣಿನ ದಿಬ್ಬಕ್ಕೆ ಗಾಡಿ ಉಜ್ಜಿ ನಿಲ್ಲಿಸಿದ್ದರು. ಮೊಣಕಾಲು ಊದಿತ್ತು. ಅಷ್ಟರಲ್ಲೇ ಉಳಿದರು.

ನನ್ನ ಹತ್ತಿರ ಬಂದಾಗ ಲಿವರ್ ಗಟ್ಟಿಯಾಗಿಯೇ ಇತ್ತು. ಗಾಡಿ ತಳ್ಳಿ ಬ್ರೇಕ್ ಹಿಡಿದರೆ ನಿಲ್ಲುತ್ತಿತ್ತು. ದಾರಿಯಲ್ಲಿ ನೋಡಿದ ಇನ್ನೊಬ್ಬ ಮೆಕ್ಯಾನಿಕ್ "ಏನೂ ಆಗಿಲ್ಲ, ನೀವೇ ಗಾಬರಿ ಆಗಿದ್ದೀರಿ" ಅಂದಿದ್ದರಂತೆ. ನಾನು ಬಗ್ಗಿ ಡಿಸ್ಕ್ ನೋಡಿದೆ. ಬೆಳ್ಳಗಿರಬೇಕಾದ ಉಕ್ಕು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸುಮಾರು 300 ಡಿಗ್ರಿ ದಾಟದೆ ಉಕ್ಕಿಗೆ ಆ ಬಣ್ಣ ಬರುವುದಿಲ್ಲ. ಆ ಬಿಸಿ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗೆ ಇಳಿದಿದೆ, ಒಳಗಿನ ಬ್ರೇಕ್ ಆಯಿಲ್ ಕುದಿದಿದೆ, ಆಯಿಲ್‌ನಲ್ಲಿ ಆವಿಯ ಗುಳ್ಳೆ ಎದ್ದಿದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಅದಕ್ಕೇ ಲಿವರ್ ಪೂರ್ತಿ ಒಳಗೆ ಹೋಯಿತು. ಗಾಡಿ ತಣ್ಣಗಾದ ಮೇಲೆ ಆವಿ ಮತ್ತೆ ಆಯಿಲ್ ಆಯಿತು, ಲಿವರ್ ಗಟ್ಟಿಯಾಯಿತು. ಅವರು ಹೇಳಿದ್ದು ಅಕ್ಷರಕ್ಷರ ನಿಜ.

ಆ ಗಾಡಿಯ ಮೂರೂ ಗಾಲಿಗೆ ಇದ್ದದ್ದು ಸೈಕಲ್ ಡಿಸ್ಕ್. ಸೈಕಲ್‌ಗೆ ಅದು ಬಹಳ ಒಳ್ಳೆಯ ಬ್ರೇಕ್. ಮಾರಿದವರು ಖಾಲಿ ಗಾಡಿ ಓಡಿಸಿ ತೋರಿಸಿದ್ದಾರೆ, ಎರಡು ಬೆರಳಲ್ಲಿ ಹಿಡಿದರೆ ಗಕ್ಕನೆ ನಿಂತಿದೆ. "ಎಷ್ಟು ಜೋರು ಹಿಡಿಯುತ್ತೆ ನೋಡಿ!" ನಾವೆಲ್ಲ ಬ್ರೇಕ್ ನೋಡುವುದೇ ಹೀಗೆ, ಅಲ್ವಾ? ಹೇರು ಗಾಡಿಗೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಇಷ್ಟು ಬಿಸಿ ಹುಟ್ಟಿದರೆ ಅದನ್ನು ತಿನ್ನಲು ಈ ಬ್ರೇಕ್‌ನಲ್ಲಿ ಎಷ್ಟು ಕಬ್ಬಿಣ ಇದೆ?

ಲೆಕ್ಕ ಹಾಕಿ ನೋಡೋಣ. ಗಾಡಿ, ಓಡಿಸುವವರು, ಸಾಮಾನು ಸೇರಿ 400 ಕೆಜಿ ಅಂತ ಹಿಡಿಯಿರಿ. ಸಪಾಟು ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸಿದರೆ ಬ್ರೇಕ್‌ನಲ್ಲಿ ಹುಟ್ಟುವ ಬಿಸಿ ಸುಮಾರು 10 ಕಿಲೋಜೂಲ್. ಈಗ ಒಂದು ಕಿಲೋಮೀಟರ್ ಉದ್ದದ, 50 ಮೀಟರ್ ಕೆಳಗಿಳಿಯುವ ರಸ್ತೆ ತೆಗೆದುಕೊಳ್ಳಿ. ಅದೇ ಗಾಡಿ ಒಂದೇ ವೇಗದಲ್ಲಿ ಇಳಿದರೆ ಸುಮಾರು 200 ಕಿಲೋಜೂಲ್ ಎಲ್ಲಿಗಾದರೂ ಹೋಗಬೇಕು. ಟೈರಿನ ಎಳೆತ ಸ್ವಲ್ಪ ತಿನ್ನುತ್ತದೆ. ಆದರೂ 150ರಷ್ಟು ಬ್ರೇಕ್‌ನ ಪಾಲಿಗೇ ಉಳಿಯುತ್ತದೆ. ಖಡೇ ಬಜಾರಿನ ಗದ್ದಲದಲ್ಲಿ ಹದಿನೈದು ಸಲ ಗಾಡಿ ನಿಲ್ಲಿಸಿದಷ್ಟು ಬಿಸಿ, ಎರಡೂವರೆ ನಿಮಿಷದೊಳಗೆ, ನಡುವೆ ಬಿಡುವೇ ಇಲ್ಲದೆ!

ಸೈಕಲ್ ಡಿಸ್ಕ್ ಒಂದರ ತೂಕ 150 ಗ್ರಾಂ ಆಸುಪಾಸು. ಮೂರು ಸೇರಿದರೂ ಅರ್ಧ ಕೆಜಿ ಇಲ್ಲ. ಒಂದು ಸಲ ನಿಲ್ಲಿಸಿದರೆ ಡಿಸ್ಕ್‌ಗಳ ಬಿಸಿ 45 ಡಿಗ್ರಿ ಏರುತ್ತದೆ, ಅಷ್ಟೇ. ಅದಕ್ಕೇ ಊರೊಳಗೆ ಯಾರಿಗೂ ತೊಂದರೆ ಗೊತ್ತಾಗುವುದಿಲ್ಲ. ಆ ಇಳಿಜಾರಿನಲ್ಲಿ ಮಾತ್ರ, ಗಾಳಿ ಏನೂ ತಣಿಸದಿದ್ದರೆ, 700 ಡಿಗ್ರಿಯವರೆಗೆ ಏರುವಷ್ಟು ಬಿಸಿ ಹುಟ್ಟುತ್ತದೆ. ಗಾಳಿ ಒಂದಷ್ಟು ಒಯ್ಯುತ್ತದೆ ನಿಜ. ಪೂರ್ತಿ ಒಯ್ಯುವುದಿಲ್ಲ ಅನ್ನುವುದನ್ನು ಆ ನೇರಳೆ ಬಣ್ಣವೇ ಹೇಳುತ್ತಿತ್ತು.

ಈಗ ಅದೇ ಗಾಡಿಗೆ ಆಟೋದ ಹಿಂದಿನ ಗಾಲಿಯಲ್ಲಿರುವಂಥ ಬೀಡು ಕಬ್ಬಿಣದ ಡ್ರಮ್ ಹಾಕಿ. ಒಂದೊಂದು ಮೂರು ಕೆಜಿ ಅಂದರೆ ಎರಡಕ್ಕೆ ಆರು ಕೆಜಿ. ಅದೇ 150 ಕಿಲೋಜೂಲ್ ಬಿದ್ದರೆ ಏರುವುದು ಬರೀ 50 ಡಿಗ್ರಿ. ಡ್ರಮ್ ಹಳೆಯ ಕಾಲದ್ದು, ಡಿಸ್ಕ್ ಹೊಸದು ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. 25 ಕಿಲೋಮೀಟರ್ ವೇಗದಲ್ಲಿ ಹೇರು ಹೊತ್ತು ಹೋಗುವ ಗಾಡಿಯ ಹಿಂದಿನ ಗಾಲಿಗೆ ನಾನು ಇವತ್ತಿಗೂ ಡ್ರಮ್ಮನ್ನೇ ಹಾಕುತ್ತೇನೆ. ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ಒಳಗಿನಿಂದ ಡ್ರಮ್ಮಿಗೆ ಒತ್ತಿ ಹಿಡಿಯುವ ಶೂ ಸವೆದರೆ ಊರಿನ ಯಾವ ಆಟೋ ಗ್ಯಾರೇಜ್‌ನಲ್ಲೂ ಬದಲಿಸುತ್ತಾರೆ. ಡ್ರಮ್ ಒಳಗೆ ಗೀರು ಬಿದ್ದರೆ ಲೇಥ್ ಮೇಲೆ ತೆಳ್ಳಗೆ ಕೆತ್ತಿಸಬಹುದು, ಬೆಳಗಾವಿಯಲ್ಲಿ ಲೇಥ್‌ಗೆ ಬರವೇ? ಎಷ್ಟರವರೆಗೆ ಕೆತ್ತಿಸಬಹುದು ಅನ್ನುವುದಕ್ಕೆ ಮಿತಿ ಇದೆ, ಅದನ್ನು ಮೀರಬೇಡಿ.

ಡ್ರಮ್‌ಗೂ ಕೊರತೆ ಇದೆ. ಒಮ್ಮೆ ಬಿಸಿಯಾದರೆ ಆರುವುದು ನಿಧಾನ. ನೀರು ನಿಂತ ರಸ್ತೆ ದಾಟಿದರೆ ಶೂ ಮೇಲಿನ ಲೈನರ್ ಒದ್ದೆಯಾಗಿ ಜಾರುತ್ತದೆ. ನಮ್ಮ ಜುಲೈ ಮಳೆಯಲ್ಲಿ ಇದು ದಿನನಿತ್ಯದ ಮಾತು. ನೀರು ದಾಟಿದ ಮೇಲೆ ಹತ್ತಿಪ್ಪತ್ತು ಮೀಟರ್ ಪೆಡಲ್ ಮೇಲೆ ಮೆಲ್ಲಗೆ ಕಾಲಿಟ್ಟು ನಡೆಸಿ, ಲೈನರ್ ಒಣಗುತ್ತದೆ. ಡಿಸ್ಕ್ ಬೇಗ ನೀರು ಕೊಡವಿಕೊಳ್ಳುತ್ತದೆ, ಆದರೆ ಖಾನಾಪುರ ಕಡೆಯ ಕೆಂಪು ಕೆಸರು ಅದರ ಪ್ಯಾಡ್‌ಗಳನ್ನು ಅರೆದು ಹಾಕುತ್ತದೆ. ಡಿಸ್ಕೇ ಬೇಕು ಅನ್ನುವವರು ಸ್ಕೂಟರ್, ಬೈಕ್‌ನ ದಪ್ಪ ಡಿಸ್ಕ್ ಹಾಕಿಸಿ. ಸೈಕಲ್‌ನದು ಎರಡು ಮಿಲಿಮೀಟರ್ ಆಸುಪಾಸಿನ ತಗಡು.

ಮುಂದಿನ ಗಾಲಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬೈಕ್ ಓಡಿಸಿದವರಿಗೆ ಮುಂದಿನ ಬ್ರೇಕೇ ಮುಖ್ಯ ಅಂತ ಗೊತ್ತು. ಹೇರು ಹಿಂದಿರುವ ಮೂರು ಗಾಲಿಯ ಗಾಡಿಯಲ್ಲಿ ಹಾಗಲ್ಲ. ಸಾಮಾನು ತುಂಬಿದಾಗ ತೂಕದ ಹೆಚ್ಚಿನ ಪಾಲು ಹಿಂದಿನ ಎರಡು ಗಾಲಿ ಮೇಲೆ ಕೂತಿರುತ್ತದೆ. ಬ್ರೇಕ್ ಹಿಡಿದಾಗ ಒಂದಷ್ಟು ತೂಕ ಮುಂದಕ್ಕೆ ಬರುತ್ತದೆ, ಆದರೂ ಆ ಒಂಟಿ ಗಾಲಿ ಅಷ್ಟು ದೊಡ್ಡ ಗಾಡಿಯನ್ನು ಒಬ್ಬನೇ ತಡೆಯಲಾರದು. ಒದ್ದೆ ರಸ್ತೆಯಲ್ಲಿ ಅದು ಲಾಕ್ ಆಗಿ ಜಾರಿದರೆ ಹ್ಯಾಂಡಲ್ ತಿರುಗಿಸಿದ ಕಡೆಗೆ ಗಾಡಿ ಹೋಗುವುದೇ ಇಲ್ಲ. ಹಿಂದಿನವು ಮುಖ್ಯ ಬ್ರೇಕ್, ಮುಂದಿನದು ಜೊತೆಗೆ ಒಂದು ಆಸರೆ.

ಹಿಂದಿನ ಎರಡು ಗಾಲಿ ಒಂದೇ ಸಮ ಹಿಡಿಯಬೇಕು. ಸುಮ್ನೆ ಒಂದೇ ಗಾಲಿಗೆ ಬ್ರೇಕ್ ಹಾಕಿದ ಗಾಡಿಗಳೂ ನನ್ನ ಹತ್ತಿರ ಬಂದಿವೆ. ಹಿಡಿದ ಕೂಡಲೇ ಗಾಡಿ ಆ ಕಡೆಗೆ ಎಳೆಯುತ್ತದೆ, ಹೇರು ಎತ್ತರ ಇದ್ದರೆ ಮಗುಚುವ ಭಯ. ಕೇಬಲ್ ಬ್ರೇಕ್ ಆದರೆ ಎರಡೂ ಕೇಬಲ್ ನಡುವೆ ತಕ್ಕಡಿಯಂತೆ ಆಡುವ ಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಒಂದು ಕೇಬಲ್ ಸಡಿಲಾದ ದಿನ ಎರಡೂ ಬದಿ ಬೇರೆ ಬೇರೆ ಹಿಡಿಯುತ್ತವೆ. ಆಯಿಲ್ ಬ್ರೇಕ್‌ನಲ್ಲಿ ಈ ತಲೆನೋವಿಲ್ಲ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಒಂದು ಮಾಸ್ಟರ್ ಸಿಲಿಂಡರ್‌ನಿಂದ ಟೀ ಜಾಯಿಂಟ್ ಹಾಕಿ ಎರಡು ಗಾಲಿಗೆ ಪೈಪ್ ಎಳೆದರೆ ಎರಡೂ ಕಡೆ ಒತ್ತಡ ಒಂದೇ.

ಮಾಸ್ಟರ್ ಸಿಲಿಂಡರ್ ವಿಷಯದಲ್ಲಿ ನಾನೂ ಮೊದಲು ತಪ್ಪಿದವನೇ. ದೊಡ್ಡದು ಹಾಕಿದರೆ ಜಾಸ್ತಿ ಜೋರು ಅಂದುಕೊಂಡು ಒಂದು ಗಾಡಿಗೆ 16 ಮಿಲಿಮೀಟರ್ ಬದಲು 19 ಮಿಲಿಮೀಟರ್‌ನದು ಕೂರಿಸಿದ್ದೆ. ಪೆಡಲ್ ಕಲ್ಲಾಯಿತು, ಗಾಡಿ ನಿಲ್ಲಲಿಲ್ಲ. ಕಾಲಿನ ಬಲ ಅಷ್ಟೇ ಇದ್ದು ಪಿಸ್ಟನ್ ಅಗಲವಾದರೆ ಒತ್ತಡ ಇಳಿಯುತ್ತದೆ. ಇದೇ ಎರಡು ಅಳತೆಯಲ್ಲಿ 16ರದು ಸುಮಾರು ಶೇಕಡ 40ರಷ್ಟು ಹೆಚ್ಚು ಒತ್ತಡ ಕೊಡುತ್ತದೆ. ಹಾಗಂತ ತೀರಾ ಸಣ್ಣದೂ ಬೇಡ, ಪೆಡಲ್ ತಳ ಮುಟ್ಟಿದರೂ ಶೂ ಡ್ರಮ್ಮಿಗೆ ತಾಗುವುದಿಲ್ಲ. ಡ್ರಮ್ ಯಾವ ಗಾಡಿಯದೋ ಸಿಲಿಂಡರ್ ಕೂಡ ಅದೇ ಗಾಡಿಯದು ಇರಲಿ ಅನ್ನುವುದು ನನ್ನ ಈಗಿನ ಪದ್ಧತಿ.

ಬ್ರೇಕ್ ಆಯಿಲ್ ಯಾವುದು ಅಂತ ಮುಚ್ಚಳದ ಮೇಲೆ ಬರೆದಿರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಕುಡಿದ ಆಯಿಲ್‌ಗೆ ಇಟ್ಟಿರುವ ಮಿತಿ 155 ಡಿಗ್ರಿ ಮಾತ್ರ. ನಾಲ್ಕು ತಿಂಗಳು ಮಳೆ ಹಿಡಿಯುವ ಊರಿನಲ್ಲಿ ಈ ಇಳಿಕೆ ಸಣ್ಣದಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಏರ್ ತೆಗೆಸಿ. ಮಿನರಲ್ ಆಯಿಲ್‌ನ ಬ್ರೇಕ್‌ಗೆ ಡಾಟ್ ಆಯಿಲ್, ಡಾಟ್‌ನದಕ್ಕೆ ಮಿನರಲ್ ಆಯಿಲ್ ಹಾಕಬೇಡಿ. ಒಳಗಿನ ರಬ್ಬರ್ ಊದಿ ಕೆಡುತ್ತದೆ.

"ಮೋಟಾರ್ ಬ್ರೇಕ್ ಇದೆಯಲ್ಲ ಸರ್, ಇಳಿಯುವಾಗ ಚಾರ್ಜೂ ಆಗುತ್ತೆ" ಅಂತ ಹಲವರು ಕೇಳುತ್ತಾರೆ. ಅದು ಒಳ್ಳೆಯದೇ. ಉದ್ದ ಇಳಿಜಾರಿನಲ್ಲಿ ಬ್ರೇಕ್‌ನ ಬಿಸಿ ಕಡಿಮೆ ಮಾಡುತ್ತದೆ. ಗಡದ ವ್ಯಾಪಾರಿಗಂತೂ ಬಹಳ ಉಪಯೋಗ, ಯಾಕೆಂದರೆ ಹತ್ತುವಾಗ ಬ್ಯಾಟರಿ ಖರ್ಚಾಗಿ ಜಾಗ ಆಗಿರುತ್ತದೆ. ಮನೆ ಎತ್ತರದಲ್ಲಿದ್ದು ರಾತ್ರಿ ಫುಲ್ ಚಾರ್ಜ್ ಮಾಡಿ ಬೆಳಗ್ಗೆ ಇಳಿಯುವವರಿಗೆ ಅದೇ ಮೋಟಾರ್ ಬ್ರೇಕ್ ಕೈಕೊಡುತ್ತದೆ. ತುಂಬಿದ ಬ್ಯಾಟರಿ ಮತ್ತೆ ಕರೆಂಟ್ ತೆಗೆದುಕೊಳ್ಳುವುದಿಲ್ಲ. ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಬಿದ್ದರೂ ಮೋಟಾರ್ ಬ್ರೇಕ್ ಇಲ್ಲ. ಅದನ್ನು ಲೆಕ್ಕಕ್ಕೆ ಸೇರಿಸದೆಯೇ ಉಳಿದ ಬ್ರೇಕ್ ಸಾಕಾಗಬೇಕು.

2014ರ ನಿಯಮದಲ್ಲಿ ಇಂಥ ಬ್ಯಾಟರಿ ಹೇರು ಗಾಡಿಗೆ, ಅಂದರೆ ಇ-ಕಾರ್ಟ್‌ಗೆ 25 ಕಿಲೋಮೀಟರ್ ವೇಗ, 310 ಕೆಜಿ ಸಾಮಾನು ಅಂತ ಮಿತಿ ಇಟ್ಟರು. ಕಂಟ್ರೋಲರ್‌ನ ಸ್ಪೀಡ್ ವೈರ್ ಬದಲಿಸಿ 35ರಲ್ಲಿ ಓಡಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. 25ರಿಂದ 35ಕ್ಕೆ ಹೋದರೆ ಪ್ರತಿ ಸಲ ನಿಲ್ಲಿಸುವಾಗ ಬ್ರೇಕ್ ತಿನ್ನಬೇಕಾದ ಬಿಸಿ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಬ್ರೇಕ್ ಮಾತ್ರ ಮೊದಲಿನದೇ.

ಯಳ್ಳೂರಿನವರ ಗಾಡಿಗೆ ಹಿಂದಿನ ಆಕ್ಸಲ್ ಬದಲಿಸಿ ಎರಡು ಡ್ರಮ್, ಕಾಲಿನ ಪೆಡಲ್ ಹಾಕಿದೆ. ಮುಂದೆ ಸ್ಕೂಟರ್ ಡಿಸ್ಕ್, ಅದಕ್ಕೆ ಬೇರೆ ಲಿವರ್. ಒಂದು ಕಡೆ ಪೈಪ್ ಒಡೆದರೂ ಇನ್ನೊಂದು ಉಳಿಯಬೇಕು. ನಿಲ್ಲಿಸಿದಾಗ ಹಿಡಿದಿಡಲು ಕೇಬಲ್‌ನ ಹ್ಯಾಂಡ್ ಬ್ರೇಕ್ ಬೇರೆಯೇ ಕೊಟ್ಟೆ. ಆಯಿಲ್ ಲಿವರ್‌ಗೆ ರಬ್ಬರ್ ಬ್ಯಾಂಡ್ ಕಟ್ಟಿ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವ ಪದ್ಧತಿ ಬೇಡ, ಒತ್ತಡ ಮೆಲ್ಲಗೆ ಸೋರಿ ಗಾಡಿ ತಾನೇ ಹೊರಡುತ್ತದೆ. ಯಾವ ಬ್ರೇಕ್ ಹಿಡಿದರೂ ಮೋಟಾರ್ ಕಟ್ ಆಗುವಂತೆ ಸ್ವಿಚ್ ಜೋಡಿಸಿದೆ.

ಮೊದಲ ಎರಡು ದಿನ ಖಾಲಿ ಓಡಿಸಲು ಹೇಳಿದೆ, ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ಕೂರಬೇಕಲ್ಲ. ಮೂರನೆಯ ದಿನ ನಾಲ್ಕು ಮೂಟೆ ಮರಳು ಹೇರಿ ಖಾಲಿ ರಸ್ತೆಗೆ ಹೋದೆವು. ಚಾಕ್‌ನಿಂದ ಗೆರೆ ಎಳೆದು, 25ರ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕ್ ಒತ್ತಿಸಿದೆ. ಏಳು ಮೀಟರಿನಲ್ಲಿ ನೆಟ್ಟಗೆ ನಿಂತಿತು. ಆಮೇಲೆ ಅದೇ ಮರಳಿನ ಜೊತೆ ಗಡ ಹತ್ತಿದೆವು. ಇಳಿಯುವಾಗ ನಾನು ಹಿಂದೆ ಕೂತಿದ್ದೆ. ತುದಿಯಲ್ಲೇ ವೇಗ ಹತ್ತಕ್ಕೆ ಇಳಿಸಿಕೊಂಡು, ಅಲ್ಲಿಂದ ಏರಲು ಬಿಡದೆ ಬನ್ನಿ ಅಂದೆ. ನಿಧಾನ ಬಂದರೂ ಹುಟ್ಟುವ ಬಿಸಿ ಅಷ್ಟೇ, ಆದರೆ ಆರಲು ಹೊತ್ತು ಸಿಗುತ್ತದೆ. ಕೆಳಗೆ ಬಂದ ಮೇಲೆ ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿದೆ. ಚುರ್ ಅನ್ನಲಿಲ್ಲ, ಹಾಗೇ ಹರಿದು ಹೋಯಿತು.