ಉತ್ತರದಾಯಿತ್ವ: ಕೆರಿಬಿಯನ್ ಕ್ರೀಡಾಡಳಿತದ ಮೂಲಕ ಒಂದು ಪದ ಪರಿಚಯ

ಉತ್ತರ ಕೊಡಬೇಕಾದವನು ಉತ್ತರದಾಯಿ. ಆ ಕಟ್ಟುಪಾಡೇ ಉತ್ತರದಾಯಿತ್ವ. ದಿನಬಳಕೆಯ ‘ಜವಾಬ್ದಾರಿ’ಯ ಮೂಲದಲ್ಲೂ ಇದೇ ಅರ್ಥವಿದೆ, ಏಕೆಂದರೆ ಜವಾಬು ಎಂದರೆ ಉತ್ತರವೇ. ಆದರೆ ಬಳಕೆಯಲ್ಲಿ ಆ ಪದ ‘ವಹಿಸಿಕೊಂಡ ಕೆಲಸ’ ಎಂಬಷ್ಟಕ್ಕೆ ಸವೆದುಹೋಗಿದೆ. ಜವಾಬ್ದಾರಿಯನ್ನು ಒಬ್ಬನೇ ಹೊತ್ತುಕೊಳ್ಳಬಹುದು. ಉತ್ತರದಾಯಿತ್ವಕ್ಕೆ ಮಾತ್ರ ಎದುರಿಗೆ ಇನ್ನೊಬ್ಬರು ಬೇಕು, ಅವರಿಗೆ ಪ್ರಶ್ನೆ ಕೇಳುವ ಹಕ್ಕಿರಬೇಕು, ಮತ್ತು ಉತ್ತರ ಸಮರ್ಪಕವಲ್ಲದಿದ್ದರೆ ಅಧಿಕಾರದಲ್ಲಿರುವವರನ್ನು ಬದಲಿಸುವ ದಾರಿಯೂ ಇರಬೇಕು. ಈ ‘ಇನ್ನೊಬ್ಬರು’ ಯಾರೆಂಬುದು ಸ್ಪಷ್ಟವಾಗಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕೆರಿಬಿಯನ್ ದ್ವೀಪಗಳ ಕ್ರೀಡಾಡಳಿತ ನೋವಿನ ನಿದರ್ಶನವಾಗಿದೆ.

2014ರ ಅಕ್ಟೋಬರ್ 17ರಂದು ಧರ್ಮಶಾಲಾದಲ್ಲಿ ಭಾರತದ ವಿರುದ್ಧ ನಡೆದ ಏಕದಿನ ಕ್ರಿಕೆಟ್ ಪಂದ್ಯಕ್ಕೆ ವೆಸ್ಟ್ ಇಂಡೀಸ್ ನಾಯಕ ಡ್ವೇನ್ ಬ್ರಾವೊ, ಪ್ರತಿಭಟನೆಯ ಸೂಚನೆಯಾಗಿ, ಇಡೀ ತಂಡವನ್ನು ಜೊತೆಗೆ ಕರೆದುಕೊಂಡು ಟಾಸ್‌ಗೆ ಬಂದರು. ಆ ಪಂದ್ಯದೊಂದಿಗೆ ಪ್ರವಾಸವೇ ಮೊಟಕಾಯಿತು. ಬೆಂಗಳೂರಿನಲ್ಲಿ ನಿಗದಿಯಾಗಿದ್ದ ಟೆಸ್ಟ್ ಸೇರಿದಂತೆ ಉಳಿದ ಪಂದ್ಯಗಳು ರದ್ದಾದವು. ಭಾರತೀಯ ಮಂಡಳಿ 4.197 ಕೋಟಿ ಡಾಲರ್ ನಷ್ಟ ಪರಿಹಾರ ಕೇಳಿತು. ಜಗಳದ ಮೂಲ ಹೊಸ ವೇತನ ಒಪ್ಪಂದ. ದೇಶೀಯ ಆಟಗಾರರಿಗೂ ವೃತ್ತಿಪರ ಗುತ್ತಿಗೆ ಕೊಡಲು ಅಂತರರಾಷ್ಟ್ರೀಯ ಆಟಗಾರರಿಗೆ ಸಲ್ಲುತ್ತಿದ್ದ ಪ್ರಾಯೋಜಕತ್ವದ ಹಣವನ್ನು ತಿರುಗಿಸುವುದು ಅದರ ಉದ್ದೇಶ. ಉದ್ದೇಶವನ್ನು ನಾನು ತಪ್ಪೆನ್ನಲಾರೆ. ಆದರೆ ವೆಸ್ಟ್ ಇಂಡೀಸ್ ಮಂಡಳಿಯೂ ಆಟಗಾರರ ಸಂಘವೂ ಸಹಿ ಹಾಕಿದ ಆ ಒಪ್ಪಂದಕ್ಕೆ ತಾವು ಸಮ್ಮತಿಯನ್ನೇ ಕೊಟ್ಟಿರಲಿಲ್ಲ ಎಂದು ತಂಡದವರು ಹೇಳಿದರು. ಆಟಗಾರರ ಹೆಸರಿನಲ್ಲಿ ಮಾತನಾಡುವ ಸಂಘವೂ ತಮಗೆ ಉತ್ತರ ಕೊಡುತ್ತಿಲ್ಲವೆಂದು ಅನ್ನಿಸಿದಾಗ ಅವರ ಕೈಯಲ್ಲಿ ಉಳಿದಿದ್ದು ಆಟವನ್ನು ನಿಲ್ಲಿಸುವುದೊಂದೇ.

ಮಂಡಳಿ ಯಾರಿಗೆ ಉತ್ತರದಾಯಿ? ವೆಸ್ಟ್ ಇಂಡೀಸ್ ಒಂದು ದೇಶವಲ್ಲ. ಹಲವು ಸ್ವತಂತ್ರ ರಾಷ್ಟ್ರಗಳೂ ಪ್ರಾಂತಗಳೂ ಸೇರಿ ಕಟ್ಟಿದ ತಂಡ. ಬಾರ್ಬಡೋಸ್, ಗಯಾನಾ, ಜಮೈಕಾ, ಟ್ರಿನಿಡಾಡ್ ಮತ್ತು ಟೊಬೇಗೊ, ಲೀವರ್ಡ್ ದ್ವೀಪಗಳು, ವಿಂಡ್‌ವರ್ಡ್ ದ್ವೀಪಗಳು ಎಂಬ ಆರು ಪ್ರಾದೇಶಿಕ ಮಂಡಳಿಗಳು ಕೇಂದ್ರ ಮಂಡಳಿಯ ಷೇರುದಾರರು. ಅಧ್ಯಕ್ಷರನ್ನು ಆರಿಸುವವರೂ ಅವರೇ, ನಿರ್ದೇಶಕರಲ್ಲಿ ಹೆಚ್ಚಿನವರನ್ನು ಕಳುಹಿಸುವವರೂ ಅವರೇ. ಹೀಗೆ ಪ್ರಶ್ನೆ ಕೇಳಬೇಕಾದವರೂ ಉತ್ತರಿಸಬೇಕಾದವರೂ ಒಂದೇ ಮೇಜಿನ ಸುತ್ತ ಕುಳಿತಿರುತ್ತಾರೆ. ಹಣ ತೆತ್ತು ಆಟ ನೋಡುವ ಜನರಿಗಾಗಲಿ, ತೆರಿಗೆ ಹಣದಲ್ಲಿ ಕ್ರೀಡಾಂಗಣ ಕಟ್ಟಿಸಿದ ಸರ್ಕಾರಗಳಿಗಾಗಲಿ ಆ ಮೇಜಿನ ಬಳಿ ಸ್ಥಾನವಿಲ್ಲ.

ಈ ದೋಷ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಜಮೈಕಾದ ಮಾಜಿ ಪ್ರಧಾನಿ ಪಿ. ಜೆ. ಪ್ಯಾಟರ್ಸನ್ ನೇತೃತ್ವದ ಸಮಿತಿ 2007ರಲ್ಲಿ, ಚಾರ್ಲ್ಸ್ ವಿಲ್ಕಿನ್ ಸಮಿತಿ 2012ರಲ್ಲಿ, ಡಾನ್ ವೆಹ್ಬಿ ಸಮಿತಿ 2020ರಲ್ಲಿ ಮಂಡಳಿಯ ರಚನೆಯನ್ನೇ ಬದಲಿಸಬೇಕೆಂದು ವರದಿ ಕೊಟ್ಟವು. ಎಲ್ಲಕ್ಕಿಂತ ಕಟುವಾಗಿದ್ದದ್ದು 2015ರದು: ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್ ನೇಮಿಸಿದ, ಯೂಡೀನ್ ಬ್ಯಾರಿಟೊ ಅಧ್ಯಕ್ಷತೆಯ ಸಮಿತಿ ಮಂಡಳಿಯನ್ನು ಕೂಡಲೇ ವಿಸರ್ಜಿಸಬೇಕು, ಸದಸ್ಯರೆಲ್ಲ ರಾಜೀನಾಮೆ ಕೊಡಬೇಕು ಎಂದಿತು. ಮಂಡಳಿ ಒಪ್ಪಲಿಲ್ಲ, ಒಪ್ಪಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಕ್ರಿಕೆಟ್ ಸಾರ್ವಜನಿಕ ಸ್ವತ್ತು ಎಂಬುದು ಸರ್ಕಾರಗಳ ವಾದವಾದರೆ, ತಾನು ಖಾಸಗಿ ಸಂಸ್ಥೆ ಎಂಬುದು ಮಂಡಳಿಯ ನಿಲುವು. 2017ರಲ್ಲಿ ಮಂಡಳಿಯ ಹೆಸರು ‘ಕ್ರಿಕೆಟ್ ವೆಸ್ಟ್ ಇಂಡೀಸ್’ ಎಂದಾಯಿತು, ಷೇರುದಾರರು ಮಾತ್ರ ಆ ಆರು ಮಂಡಳಿಗಳೇ ಆಗಿ ಉಳಿದರು.

ಫುಟ್‌ಬಾಲ್‌ನಲ್ಲಿ ಪದದ ಇನ್ನೊಂದು ಮುಖ ಕಾಣುತ್ತದೆ. ಟ್ರಿನಿಡಾಡ್‌ನ ಜಾಕ್ ವಾರ್ನರ್ 1990ರಿಂದ 2011ರವರೆಗೆ ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ಪ್ರದೇಶದ ಒಕ್ಕೂಟವಾದ ಕಾನ್‌ಕಕ್ಯಾಫ್‌ನ ಅಧ್ಯಕ್ಷರಾಗಿದ್ದರು. ಒಕ್ಕೂಟದ ತರಬೇತಿ ಕೇಂದ್ರವೆಂದು ಎಲ್ಲರೂ ನಂಬಿದ್ದ ಕಟ್ಟಡ ನಿಂತಿರುವುದು ಅವರಿಗೆ ಸೇರಿದ ಕಂಪನಿಗಳ ಜಮೀನಿನಲ್ಲಿ ಎಂದು 2013ರಲ್ಲಿ ಬಾರ್ಬಡೋಸ್‌ನ ಮಾಜಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಸಿಮನ್ಸ್ ನೇತೃತ್ವದ ಸಮಿತಿ ವರದಿ ಮಾಡಿತು. ವಾರ್ನರ್ ತಮ್ಮ ಮೇಲಿನ ಆರೋಪಗಳನ್ನು ಅಲ್ಲಗಳೆಯುತ್ತಲೇ ಬಂದಿದ್ದಾರೆ. ಫೀಫಾ ಅವರಿಗೆ 2015ರಲ್ಲಿ ಆಜೀವ ನಿಷೇಧ ವಿಧಿಸಿತು. ಇಷ್ಟು ವರ್ಷ ಯಾವ ಸದಸ್ಯ ಸಂಘವೂ ಜಮೀನಿನ ಪತ್ರ ಯಾರ ಹೆಸರಿನಲ್ಲಿದೆ ಎಂದು ಪಟ್ಟು ಹಿಡಿದು ಕೇಳಲಿಲ್ಲವೇ ಎಂಬುದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ.

ಮೇಲಿನಿಂದ ಬರುವ ಶಿಸ್ತು ಉತ್ತರದಾಯಿತ್ವವಾಗುತ್ತದೆಯೇ? 2020ರ ಮಾರ್ಚ್‌ನಲ್ಲಿ ಫೀಫಾ ಟ್ರಿನಿಡಾಡ್‌ನ ಫುಟ್‌ಬಾಲ್ ಸಂಘದ ಚುನಾಯಿತ ಪದಾಧಿಕಾರಿಗಳನ್ನು ತೆಗೆದು ತಾನೇ ಸಮಿತಿ ನೇಮಿಸಿತು. ಕೆಲವೇ ತಿಂಗಳ ಹಿಂದೆ ಆಯ್ಕೆಯಾಗಿದ್ದ ಅಧ್ಯಕ್ಷ ವಿಲಿಯಂ ವಾಲೆಸ್ ಮತ್ತು ಸಂಗಡಿಗರು ತಮ್ಮ ದೇಶದ ನ್ಯಾಯಾಲಯಕ್ಕೆ ಹೋದಾಗ, ಸೆಪ್ಟೆಂಬರ್‌ನಲ್ಲಿ ಸಂಘವೇ ಅಮಾನತಾಯಿತು. ಸಂಘ ಸಾಲದಲ್ಲಿ ಮುಳುಗಿತ್ತೆಂಬುದು ನಿಜ. ಆದರೂ ಅಲ್ಲಿ ಸಂಘ ಲೆಕ್ಕ ಒಪ್ಪಿಸಬೇಕಾಗಿ ಬಂದದ್ದು ಫೀಫಾದ ಕೇಂದ್ರ ಕಚೇರಿ ಇರುವ ಜ್ಯೂರಿಕ್‌ಗೆ. ಪೋರ್ಟ್ ಆಫ್ ಸ್ಪೇನ್‌ನ ಕ್ಲಬ್ಬುಗಳಿಗೂ ಆಟಗಾರರಿಗೂ ಅಲ್ಲ. ಲೆಕ್ಕ ಕೇಳುವವರು ದೂರವಾದಷ್ಟೂ ಈ ಪದ ವಿಧೇಯತೆ ಎಂಬ ಅರ್ಥದ ಕಡೆಗೆ ಜಾರುತ್ತದೆ.

2016ರ ಏಪ್ರಿಲ್ 3ರಂದು ಕೋಲ್ಕತ್ತಾದಲ್ಲಿ ಟಿ20 ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್ ನಾಯಕ ಡ್ಯಾರೆನ್ ಸ್ಯಾಮಿ, ಟೂರ್ನಿಗೆ ಬರುವಾಗ ತಮ್ಮ ಬಳಿ ಸಮವಸ್ತ್ರವೂ ಇರಲಿಲ್ಲ, ತಂಡದ ವ್ಯವಸ್ಥಾಪಕರು ಅದನ್ನು ಇಲ್ಲಿಯೇ ಹೊಂದಿಸಿದರು ಎಂದು ವೇದಿಕೆಯ ಮೇಲೆ ಹೇಳಿದರು. ಮಂಡಳಿಯಿಂದ ಇನ್ನೂ ಒಂದು ಮಾತೂ ಬಂದಿಲ್ಲವೆಂದೂ ಸೇರಿಸಿದರು. ಯಾವ ನಿಯಮಾವಳಿಯೂ ಕೊಡದ ಪ್ರಶ್ನೆಯ ಹಕ್ಕನ್ನು ಆ ಆಟಗಾರ ಕೆಲವು ನಿಮಿಷಗಳ ಮಟ್ಟಿಗೆ ಒಂದು ಮೈಕಿನಿಂದ ಪಡೆದುಕೊಂಡಿದ್ದರು.