ಪೂರ್ತಿ ಮುಚ್ಚದ ಇಕ್ಕಳ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗುಜರಿಯಿಂದ ನೆಂಟರೊಬ್ಬರು ತಂದುಕೊಟ್ಟ ಇಕ್ಕಳವೊಂದು ನನ್ನ ಬಳಿ ಇದೆ. ಉದ್ದ ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ. ಬಾಯಿ ಗಿಡ್ಡ. ಎರಡೂ ದವಡೆಯಲ್ಲಿ ಅರ್ಧಚಂದ್ರಾಕಾರದ ಒಂದೊಂದು ಕಚ್ಚು. ಒಂದು ಹಿಡಿಯ ತುದಿ ಮೊನಚಾಗಿದೆ, ಇನ್ನೊಂದರದು ಸ್ಕ್ರೂಡ್ರೈವರ್ ಥರ ಚಪ್ಪಟೆ. ಎಷ್ಟೇ ಬಲ ಹಾಕಿ ಅದುಮಿದರೂ ಕಚ್ಚುಗಳ ನಡುವೆ ಒಂದು ದುಂಡನೆಯ ತೂತು ಉಳಿದುಬಿಡುತ್ತದೆ.

ಇದು ಏನು ಅಂತ ಮನೆಗೆ ಬಂದವರನ್ನೆಲ್ಲ ಕೇಳಿದ್ದೇನೆ. ಅಡಕೆ ಕತ್ತರಿ ಎಂದರು. ವೈರ್ ಕಟರ್ ಎಂದರು. ಚರ್ಮಕ್ಕೆ ತೂತು ಹಾಕೋದು ಎಂದರು. ಹಸು ಸಾಕಿ ಗೊತ್ತಿದ್ದ ಒಬ್ಬರು ಮಾತ್ರ ಬಾಯಿ ಮುಚ್ಚದ್ದನ್ನು ಗಮನಿಸಿ, "ಹೋರಿ ಬೀಜ ಒಡೆಯೋ ಇಕ್ಕಳ ಇರಬೇಕು" ಎಂದರು. ಉತ್ತರ ತಪ್ಪು. ಆದರೆ ಯೋಚನೆ ಸರಿಯಾದ ಜಾಗದಲ್ಲೇ ಇತ್ತು.

ಗುರುತು ಸಿಗದ ಉಪಕರಣ ಕೈಗೆ ಬಂದಾಗ ನಾವು ಮೊದಲು ಮಾಡುವ ಕೆಲಸ ಅದು ಯಾವುದರ ಹಾಗೆ ಕಾಣುತ್ತದೆ ಅಂತ ನೋಡುವುದು. ಇದರಿಂದ ಪ್ರಯೋಜನ ಕಡಿಮೆ. ಇಕ್ಕಳ ಯಾವಾಗಲೂ ಇಕ್ಕಳದ ಹಾಗೇ ಕಾಣುತ್ತದೆ. ಅದು ಎಲ್ಲಿ ಸವೆದಿದೆ, ಎಲ್ಲಿ ಸವೆದಿಲ್ಲ, ಮುಖ್ಯವಾಗಿ ಎಲ್ಲಿಗೆ ಬಂದು ನಿಂತುಬಿಡುತ್ತದೆ ಅಂತ ನೋಡಬೇಕು. ಕಮ್ಮಾರ ಬೇಕೆಂದೇ ಒಂದು ಅಡ್ಡಿ ಇಟ್ಟಿದ್ದಾನೆ ಅಂದರೆ, ಒಳಗೆ ಸಿಕ್ಕುವ ವಸ್ತುವನ್ನು ಕಾಪಾಡುವ ಉದ್ದೇಶ ಅವನಿಗಿತ್ತು ಅಂತಲೇ ಅರ್ಥ.

ಹೋರಿಯ ಇಕ್ಕಳವನ್ನೇ ತೆಗೆದುಕೊಳ್ಳಿ. ಪಶು ಆಸ್ಪತ್ರೆಯಲ್ಲಿ ಅದನ್ನು ಬರ್ಡಿಜ್ಜೊ ಎನ್ನುತ್ತಾರೆ. ಅದನ್ನು ರೂಪಿಸಿದ ಇಟಲಿಯ ಪಶುವೈದ್ಯನ ಹೆಸರೇ ಉಪಕರಣಕ್ಕೂ ನಿಂತಿದೆ. ಅದರ ದವಡೆ ಮೊಂಡು. ಒಂದಕ್ಕೊಂದು ಪೂರ್ತಿ ತಾಗುವುದೂ ಇಲ್ಲ. ಒಳಗಿನ ನರ, ರಕ್ತನಾಳ ಜಜ್ಜಿಹೋಗಬೇಕು, ಮೇಲಿನ ಚರ್ಮ ಹರಿಯಬಾರದು. ಗಾಯ ಆಗದಿದ್ದರೆ ನೊಣ ಕೂರುವುದಿಲ್ಲ, ಕೀವಾಗುವುದಿಲ್ಲ. ಇಷ್ಟೆಲ್ಲ ಆ ಸಣ್ಣ ಸಂದಿನಲ್ಲೇ ಅಡಗಿದೆ. ಆದರೆ ಹೋರಿಗೆ ಅಗಲವಾದ ಬಾಯಿ, ಎರಡು ಕೈಯಲ್ಲಿ ಹಿಡಿಯುವ ಉದ್ದನೆಯ ಹಿಡಿ ಬೇಕು. ಒಂದು ಗೇಣೂ ಇಲ್ಲದ ಇದರಿಂದ ಮೇಕೆಮರಿಗೂ ಆ ಕೆಲಸ ಆಗದು.

ಹಾಗಾದರೆ ಇದು ಏನನ್ನು ಜಜ್ಜದೆ ಬಿಡುತ್ತದೆ? ತೂತಿನ ಅಳತೆ ಬೇಕಾಗಿತ್ತು. ವರ್ನಿಯರ್ ಇಲ್ಲದಿದ್ದರೂ ಡ್ರಿಲ್ ಬಿಟ್‌ಗಳ ಡಬ್ಬ ಸಾಕು. ಬಾಯಿ ಮುಚ್ಚಿ ಹಿಡಿದು ಒಂದೊಂದನ್ನೇ ತೂರಿಸಿ ನೋಡಿದೆ. 5 ಮಿಲಿಮೀಟರಿನದು ಸಲೀಸಾಗಿ ಹೋಯಿತು. 6ರದ್ದು ಹೋಗಲಿಲ್ಲ. ಕಚ್ಚಿನ ಅಂಚು ಮೊಂಡು, ಭೂತಗನ್ನಡಿಯಲ್ಲಿ ನೋಡಿದರೂ ಒಂದು ಮುಕ್ಕಿಲ್ಲ. ತಂತಿ ಕತ್ತರಿಸಿದ್ದರೆ ಮುಕ್ಕಾಗಿರುತ್ತಿತ್ತು. ಅಂದರೆ 6 ಮಿಲಿಮೀಟರಿಗಿಂತ ಸ್ವಲ್ಪ ದಪ್ಪ ಇರುವ, ಮೆತ್ತನೆಯ, ದುಂಡನೆಯ ಏನನ್ನೋ ಇದು ಸುತ್ತಲಿಂದ ಅದುಮುತ್ತಿತ್ತು. ಕತ್ತರಿಸುತ್ತಿರಲಿಲ್ಲ.

ಮೊನಚು ತುದಿಯ ಕಥೆ ಇನ್ನೂ ಸ್ವಾರಸ್ಯ. ಇಕ್ಕಳಕ್ಕೆಲ್ಲ ತುಕ್ಕು ಹಿಡಿದು ಸಣ್ಣ ಸಣ್ಣ ಗುಳಿ ಬಿದ್ದಿವೆ, ಆ ತುದಿಯ ಒಂದೆರಡು ಅಂಗುಲ ಮಾತ್ರ ನುಣುಪು. ಚುಚ್ಚಿದರೆ ರಕ್ತ ಬರುವಷ್ಟು ಚೂಪಲ್ಲ. ಸುತ್ತಿಗೆಯಿಂದ ಹೊಡೆದ ಗುರುತೂ ಎಲ್ಲೂ ಇಲ್ಲ. ಗಟ್ಟಿ ವಸ್ತುವಿಗೆ ತೂತು ಕೊರೆಯುವ ಉಳಿ ಅಲ್ಲ ಇದು. ಕಲಸಿದ ಹಿಟ್ಟಿನಂಥದ್ದಕ್ಕೆ ಕೈಯಿಂದಲೇ ಒತ್ತಿ ತೂತು ಮಾಡುವ ಕಡ್ಡಿ.

ಸವೆತ ಓದುವುದು ಒಂದು ಶಾಸ್ತ್ರವೇ ಆಗಿ ಬೆಳೆದಿದೆ. ಸೋವಿಯತ್ ಪುರಾತತ್ವಜ್ಞ ಸೆರ್ಗೆಯ್ ಸೆಮೆನೋವ್ ಶಿಲಾಯುಗದ ಕಲ್ಲಿನ ಉಪಕರಣಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಗೀರುಗಳ ದಿಕ್ಕು ನೋಡಿ ಇದು ಚರ್ಮ ಹೆರೆದದ್ದು, ಇದು ಮರ ಕೊರೆದದ್ದು ಅಂತ ಹೇಳುತ್ತಿದ್ದ. ಅವನ ಕೆಲಸ ಪ್ರಕಟವಾದದ್ದು 1957ರಲ್ಲಿ. ಹುಲ್ಲಿನ ಜಾತಿಯ ಬೆಳೆ ಕೊಯ್ದ ಕಲ್ಲಿನ ಕುಡುಗೋಲಿನ ಅಂಚಿಗೆ ಒಂದು ವಿಶೇಷ ಹೊಳಪು ಬರುತ್ತದೆ. ನಮ್ಮ ರಾಗಿಯೂ ಹುಲ್ಲಿನ ಜಾತಿಯೇ. ಈ ಜಾತಿಯ ದಂಟು, ಗರಿಯಲ್ಲಿ ಸಿಲಿಕಾದ ಸೂಕ್ಷ್ಮ ಕಣಗಳಿರುತ್ತವೆ. ಕೊಯ್ದಂತೆಲ್ಲ ಅವು ಕಲ್ಲನ್ನು ಉಜ್ಜಿ ನುಣುಪು ಮಾಡುತ್ತವೆ. ಗುರುತೇ ಇಲ್ಲದಿದ್ದರೆ ಪಜೀತಿ. ರೋಮನ್ನರ ಕಾಲದ, 12 ಮುಖಗಳ ಕಂಚಿನ ಟೊಳ್ಳು ಗುಂಡುಗಳು ಯುರೋಪಿನಲ್ಲಿ ನೂರಕ್ಕೂ ಜಾಸ್ತಿ ಸಿಕ್ಕಿವೆ. ಮೊದಲನೆಯದು ದಾಖಲಾದದ್ದು 1739ರಲ್ಲಿ. ಇವತ್ತಿಗೂ ಅವು ಯಾತಕ್ಕೆ ಅಂತ ಯಾರಿಗೂ ಗೊತ್ತಿಲ್ಲ. ಅವುಗಳ ಮೇಲೆ ಬಳಕೆಯ ಸವೆತ ಕಾಣದಿರುವುದು ಅದಕ್ಕೊಂದು ದೊಡ್ಡ ಕಾರಣ.

ಆದ್ದರಿಂದ ಹಳೇ ಉಪಕರಣ ಸಿಕ್ಕಿದ ತಕ್ಷಣ ಹುಣಸೆಹಣ್ಣು ಹಾಕಿ ತಿಕ್ಕಲು ಕೂರಬೇಡಿ. ಮರಳು ಕಾಗದವಂತೂ ಬೇಡವೇ ಬೇಡ. ಹೊಳಪು ಬರುವ ಹೊತ್ತಿಗೆ ಸಾಕ್ಷಿ ಅಳಿಸಿಹೋಗಿರುತ್ತದೆ.

ಜಾಗವೂ ಸಾಕ್ಷಿಯೇ, ಆದರೆ ಅರೆಬರೆ ಸಾಕ್ಷಿ. ಗುಜರಿ ಮಾಲು ಲಾರಿಯಲ್ಲಿ ಎಲ್ಲಿಂದಲೋ ಬಂದಿರಬಹುದು. ಆದರೂ ಕೆಜಿಎಫ್‌ನಲ್ಲಿ ಸಿಕ್ಕಿದೆ ಅಂದಮೇಲೆ ಗಣಿಯನ್ನು ಮೊದಲು ನೆನೆಯಬೇಕಲ್ವಾ? 1880ರ ದಶಕದಿಂದ 2001ರ ಫೆಬ್ರುವರಿಯವರೆಗೆ ಇಲ್ಲಿ ಬಂಡೆ ಸಿಡಿಸಿ ಚಿನ್ನ ತೆಗೆದರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಷ್ಟು ಆಳದವರೆಗೂ ದಾರಿ ಮಾಡಿದ್ದು ಸಿಡಿಮದ್ದು.

ಈಗ ಎಲ್ಲ ಕೂಡಿಬರುತ್ತದೆ. ಡೈನಮೈಟಿಗೆ ಸುಮ್ನೆ ಬೆಂಕಿ ತಾಗಿಸಿದರೆ ಸಾಮಾನ್ಯವಾಗಿ ಉರಿಯುತ್ತದೆಯೇ ಹೊರತು ಸಿಡಿಯುವುದಿಲ್ಲ. ಸಿಡಿಯಲು ಜೋರಾದ ಒಂದು ಆಘಾತ ಬೇಕು. ಅದಕ್ಕೇ ಆಲ್ಫ್ರೆಡ್ ನೊಬೆಲ್ 1860ರ ದಶಕದಲ್ಲಿ ಬೇಗ ಸಿಡಿಯುವ ಮದ್ದು ತುಂಬಿದ ಒಂದು ಸಣ್ಣ ಲೋಹದ ಕೊಳವೆ ಮಾಡಿದ. ಕಲ್ಲು ಕ್ವಾರಿಯವರ ಬಾಯಲ್ಲಿ ಅದು ಕೇಪು. ಅದರೊಳಗೆ ಬತ್ತಿ ತೂರಿಸುತ್ತಿದ್ದರು. ಬತ್ತಿ ಅದಕ್ಕೂ ಹಳೆಯದು. 1831ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ವಿಲಿಯಂ ಬಿಕ್‌ಫರ್ಡ್ ಹಗ್ಗ ಹೊಸೆಯುವ ರೀತಿಯಲ್ಲೇ ನೂಲಿನ ನಡುವೆ ಕರಿಮದ್ದು ಸೇರಿಸಿ ಅದನ್ನು ತಯಾರಿಸಿದ. ಒಂದು ಅಡಿ ಉರಿಯಲು ಸುಮಾರು ಅರ್ಧ ನಿಮಿಷ. ಹಚ್ಚಿದವನು ಓಡಿ ಪಾರಾಗಲು ಸಮಯ ಸಿಕ್ಕಿತು. ಮುಂದೆ ಅದೇ ಕಾರ್ನ್‌ವಾಲ್‌ನ ಗಣಿಗಾರರು ಕೋಲಾರಕ್ಕೂ ಬಂದರು.

ಬತ್ತಿ ಕೇಪಿನೊಳಗೆ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಕಳಚಿಬರುತ್ತದೆ, ಇಲ್ಲವೇ ನೀರು ನುಗ್ಗುತ್ತದೆ. ಆಗ ಮದ್ದು ಸಿಡಿಯದೆ ಬಂಡೆಯೊಳಗೇ ಉಳಿಯುತ್ತದೆ. ಗಣಿ ಕೆಲಸದಲ್ಲಿ ಇದಕ್ಕಿಂತ ಹೆದರಿಕೆಯ ಸಂಗತಿ ಕಡಿಮೆ. ಮುಂದಿನ ಪಾಳಿಯವನು ತಿಳಿಯದೆ ಅಲ್ಲೇ ಡ್ರಿಲ್ ಇಟ್ಟುಬಿಡಬಹುದು. ಅದಕ್ಕಾಗಿಯೇ ಎಷ್ಟು ಸದ್ದು ಕೇಳಿತು ಅಂತ ಎಣಿಸುವ ರೂಢಿ. ಹಾಗಂತ ಕೇಪನ್ನು ಜಾಸ್ತಿ ಅದುಮುವಂತೆಯೂ ಇಲ್ಲ. ಒಳಗಿನ ಬತ್ತಿ ಚಪ್ಪಟೆಯಾಗಿ ಬೆಂಕಿ ಅಲ್ಲೇ ಆರಿಹೋಗಬಹುದು. ಮೊದಲ ಕೇಪುಗಳಲ್ಲಿದ್ದ ಪಾದರಸದ ಫಲ್ಮಿನೇಟ್ ಅಂತೂ ಪೆಟ್ಟು ಬಿದ್ದರೂ, ಉಜ್ಜಿದರೂ ಸಿಡಿಯುವ ವಸ್ತು. ಆದ್ದರಿಂದ ಬತ್ತಿಯ ದಪ್ಪಕ್ಕೆ ಬಂದು ತಾನೇ ನಿಂತುಬಿಡುವ ಇಕ್ಕಳ ಮಾಡಿದರು. ಕೇಪಿನ ಬಾಯಿಯ ಹತ್ತಿರ, ಮದ್ದಿನಿಂದ ದೂರದಲ್ಲಿ, ಸುತ್ತ ಒಂದು ಉಂಗುರದ ತಗ್ಗು ಬೀಳುತ್ತಿತ್ತು. ಇಕ್ಕಳ ಕೈಗೆ ಸಿಗದಾಗ ಹಲ್ಲಿನಿಂದ ಕಚ್ಚುತ್ತಿದ್ದವರೂ ಇದ್ದರು. ಹಾಗೆ ಮಾಡಕೂಡದು ಅಂತ ಸುರಕ್ಷತಾ ಕೈಪಿಡಿಗಳು ಎಚ್ಚರಿಸಬೇಕಾಯಿತು ಎಂದಮೇಲೆ ಊಹಿಸಿಕೊಳ್ಳಿ.

ಮೊನಚು ಹಿಡಿ? ಮೆತ್ತನೆಯ ಮದ್ದಿನ ಕಡ್ಡಿಯಲ್ಲಿ ಕೇಪಿಗೆ ಗೂಡು ಮಾಡಲು. ಚಪ್ಪಟೆ ತುದಿ ನಿಜಕ್ಕೂ ಸ್ಕ್ರೂಡ್ರೈವರೇ. ಮುಂದೆ ವಿದ್ಯುತ್ತಿನಿಂದ ಸಿಡಿಸುವ ಪೆಟ್ಟಿಗೆಗಳು ಬಂದಾಗ ಅವುಗಳ ವೈರಿನ ತಿರುಪು ಬಿಗಿಮಾಡಲು ಅನುಕೂಲ. ಒಂದೇ ಇಕ್ಕಳದಲ್ಲಿ ಬತ್ತಿಯ ಕಾಲವೂ ಇದೆ, ಕರೆಂಟಿನ ಕಾಲವೂ ಇದೆ.

ಊಹೆಯನ್ನು ಪರೀಕ್ಷೆಗೆ ಒಡ್ಡದೆ ಬಿಟ್ಟರೆ ಅದು ಹರಟೆ ಅಷ್ಟೆ. ಫ್ರಿಜ್ ರಿಪೇರಿಯವರು ಬಳಸುವ ಕಾಲಿಂಚಿನ ತಾಮ್ರದ ಕೊಳವೆಯ ಹೊರ ಅಳತೆ 6.35 ಮಿಲಿಮೀಟರು, ಹೆಚ್ಚುಕಡಿಮೆ ಕೇಪಿನಷ್ಟೇ. ಅದರ ಖಾಲಿ ತುಂಡೊಂದನ್ನು ಇಕ್ಕಳದ ಬಾಯಿಗಿಟ್ಟು ಅದುಮಿದೆ. ಸುತ್ತಲೂ ಸೊಂಟದ ಹಾಗೆ ಒಂದು ತಗ್ಗು ಬಿತ್ತು. ಕೊಳವೆ ಸೀಳಲಿಲ್ಲ, ಒಳಗಿನ ದಾರಿ ಮುಚ್ಚಲಿಲ್ಲ.

ಇಕ್ಕಳದಿಂದ ಅಪಾಯವಿಲ್ಲ. ಅದರ ಜೊತೆ ಸಿಗಬಹುದಾದ ವಸ್ತುಗಳ ಮಾತು ಬೇರೆ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು 6 ಜನ ಸತ್ತದ್ದು ನೆನಪಿರಬಹುದು. ಹಳೇ ಡಬ್ಬದಲ್ಲೋ ಕ್ವಾರಿಯ ಮೂಲೆಯಲ್ಲೋ ಪೆನ್ಸಿಲ್ ದಪ್ಪದ, ಒಂದು ತುದಿ ಮುಚ್ಚಿರುವ ತಾಮ್ರದ ಅಥವಾ ಅಲ್ಯೂಮಿನಿಯಂ ಕೊಳವೆ ಕಂಡರೆ ಎತ್ತಬೇಡಿ, ಅಲ್ಲಾಡಿಸಬೇಡಿ, ಏನಿದೆ ಅಂತ ಕೆರೆದು ನೋಡಬೇಡಿ. ಮಕ್ಕಳನ್ನು ದೂರ ಕಳಿಸಿ 112ಕ್ಕೆ ಫೋನ್ ಮಾಡಿ.