ಅಡುಗೆಮನೆಯ ಸುಂಡಿಲಿಗೆ ಪಾಷಾಣ ಇಡಬಹುದೇ?

ಪ್ರಶ್ನೆ: ರಾತ್ರಿ ದೀಪ ಆರಿಸಿದ ಮೇಲೆ ಅಡುಗೆಮನೆಯಲ್ಲಿ ಏನೋ ಒಂದು ಚಿಂವ್ ಚಿಂವ್ ಎನ್ನುತ್ತ ಗೋಡೆಯಂಚಿನಲ್ಲೇ ಓಡುತ್ತದೆ. ಉದ್ದ ಮೂತಿ, ಕೆಟ್ಟ ವಾಸನೆ. ಇದೂ ಇಲಿಯ ಜಾತಿಯೇ? ಇಲಿ ಪಾಷಾಣ ಇಡಬಹುದೇ?

ಉತ್ತರ: ನಿಮ್ಮ ಮನೆಗೆ ಬರುತ್ತಿರುವುದು ಸುಂಡಿಲಿ. ಸೊಂಡಿಲಿ, ಮೂಗಿಲಿ ಅಂತಲೂ ಕರೆಯುತ್ತಾರೆ. ಅದು ಇಲಿಯಲ್ಲ. ದಯವಿಟ್ಟು ಪಾಷಾಣ ಇಡಬೇಡಿ.

ಹೆಸರು ನೋಡಿ ಮೋಸಹೋಗುವುದು ಸಹಜ. 1766ರಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕೂಡ ಇದಕ್ಕೆ ‘ಮುರಿನಸ್’, ಅಂದರೆ ಇಲಿಯಂಥದ್ದು ಎಂದೇ ಹೆಸರಿಟ್ಟ. ಈಗಿನ ಪೂರ್ಣ ಹೆಸರು ಸಂಕಸ್ ಮುರಿನಸ್. ವಂಶದ ಲೆಕ್ಕದಲ್ಲಿ ಇದು ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿ ಹೆಜ್‌ಹಾಗ್ ಮತ್ತು ನೆಲದಡಿ ಬಾಳುವ ಮೋಲ್‌ಗಳ ನೆಂಟ. ಹಂದಿ ಅನ್ನಿಸಿಕೊಂಡ ನಮ್ಮ ಮುಳ್ಳುಹಂದಿ ಇಲಿಗಳ ಬಳಗಕ್ಕೆ ಸೇರುತ್ತದೆ, ಇಲಿ ಅನ್ನಿಸಿಕೊಂಡ ಸುಂಡಿಲಿ ಸೇರುವುದಿಲ್ಲ!

ಬಾಯಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಇಲಿಯ ಮುಂದಿನ ಉಳಿಯಂಥ ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಏನನ್ನಾದರೂ ಕಡಿಯುತ್ತ ಅವನ್ನು ಸವೆಸಿಕೊಳ್ಳದೆ ಅದಕ್ಕೆ ಗತಿಯಿಲ್ಲ. ಸುಂಡಿಲಿಯದು ಸಾಲಾಗಿ ಕೂತ ಸಣ್ಣ ಮೊನಚು ಹಲ್ಲು, ಜಿರಳೆಯ ಚಿಪ್ಪು ಒಡೆಯಲು ಹೇಳಿ ಮಾಡಿಸಿದಂತಿದೆ. ಬಟ್ಟೆಯೋ ವೈರೋ ತುಂಡಾಗಿದ್ದರೆ ಇಲಿಯನ್ನು ಹುಡುಕಿ. ಸುಂಡಿಲಿ ಬರುವುದು ಜಿರಳೆ, ಮಿಡತೆ, ಎರೆಹುಳ ಹುಡುಕಿಕೊಂಡು. ನಾಯಿ ಬೆಕ್ಕಿನ ತಟ್ಟೆಯಲ್ಲಿ ಉಳಿದದ್ದನ್ನೂ ಬಿಡುವುದಿಲ್ಲ. ಕಣ್ಣು ಮಂದ, ಆದ್ದರಿಂದ ಮೀಸೆ ತಾಗಿಸಿಕೊಂಡು ಗೋಡೆಯಂಚು ಹಿಡಿದೇ ಓಡುತ್ತದೆ. ವಾಸನೆ ಬರುವುದು ಪಕ್ಕೆಯ ಗ್ರಂಥಿಗಳಿಂದ. ಬೆಕ್ಕು ಇದನ್ನು ಕೊಂದರೂ ತಿನ್ನದೆ ಅಂಗಳದಲ್ಲೇ ಬಿಟ್ಟುಹೋಗುವುದು ಇದೇ ಕಾರಣಕ್ಕೆ.

ಒಂದು ಮಳೆಗಾಲದ ಸಂಜೆ ನಮ್ಮ ಬಚ್ಚಲಮನೆಯ ಸೌದೆ ರಾಶಿ ಸರಿಸಿದಾಗ ಅಡಿಯಿಂದ ಬೂದುಬಣ್ಣದ ಹಗ್ಗವೊಂದು ಹರಿದುಹೋದಂತಾಯಿತು. ಹಾವೆಂದು ಹಿಂದೆ ಜಿಗಿದೆ. ನೋಡಿದರೆ ಮುಂದೆ ತಾಯಿ ಸುಂಡಿಲಿ. ಅದರ ಬಾಲದ ಬುಡ ಕಚ್ಚಿಕೊಂಡು ಒಂದು ಮರಿ, ಆ ಮರಿಯ ಹಿಂದೆ ಇನ್ನೊಂದು, ಹೀಗೆ ನಾಲ್ಕು. ತಾಯಿ ತಿರುಗಿದತ್ತ ಇಡೀ ಸಾಲು ತಿರುಗಿ, ಹಂಡೆ ಒಲೆಯನ್ನು ಬಳಸಿ, ತೂಬಿನೊಳಗೆ ಹೋಯಿತು. ಒಂದೂ ಹಿಡಿತ ಬಿಡಲಿಲ್ಲ. ಗೂಡು ಕೆದಕಿದಾಗ ಸುಂಡಿಲಿ ಮರಿಗಳನ್ನು ಸಾಗಿಸುವುದೇ ಹೀಗೆ ಎಂದು ಆಮೇಲೆ ಓದಿ ತಿಳಿದೆ. ಕಣ್ಣಾರೆ ಕಂಡ ಮೇಲೆ ಅದಕ್ಕೆ ವಿಷ ಇಡುವ ಮನಸ್ಸು ಯಾರಿಗೂ ಬರಲಾರದು.

ಮನುಷ್ಯರಿಗೆ ಇದರಿಂದ ಆದ ಉಪಕಾರವೂ ಸಣ್ಣದಲ್ಲ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಸುಂಡಿಲಿಗೆ ಬರುತ್ತದೆ. 1987ರಲ್ಲಿ ಜಪಾನಿನ ಸಂಶೋಧಕರು ಇದನ್ನು ಪ್ರಕಟಿಸಿದ ಮೇಲೆ, ಕ್ಯಾನ್ಸರ್ ಔಷಧಿಯಿಂದಾಗುವ ವಾಂತಿ ಮತ್ತು ಪ್ರಯಾಣದ ವಾಕರಿಕೆಯ ಅಧ್ಯಯನದಲ್ಲಿ ಸುಂಡಿಲಿಗೆ ಖಾಯಂ ಜಾಗ ಸಿಕ್ಕಿತು.

ಹಾಗೆಂದು ಮುದ್ದು ಮಾಡಲು ಹೋಗಬೇಡಿ. 1964ರಲ್ಲಿ ತಮಿಳುನಾಡಿನ ವೆಲ್ಲೂರು ಬಳಿ ಹಿಡಿದ ಸುಂಡಿಲಿಯಲ್ಲಿ ಸಿಕ್ಕಿದ ತೊಟ್ಟಪಾಳಯಂ ವೈರಸ್ ಹಂಟಾವೈರಸ್ ಗುಂಪಿನದು; ಇಲಿಗಳಿಂದ ಮನುಷ್ಯರಿಗೆ ಹರಡುವ ಕೆಲವು ರೋಗಾಣುಗಳೂ ಇದೇ ಗುಂಪಿನವು. ಶಿವಮೊಗ್ಗ ಸೀಮೆಯ ಮಂಗನ ಕಾಯಿಲೆಯ ವೈರಸ್ ಕೂಡ ಸುಂಡಿಲಿಯಲ್ಲಿ ಕಂಡುಬಂದಿದೆ. ಸತ್ತದ್ದನ್ನಾಗಲಿ ಹಿಕ್ಕೆಯನ್ನಾಗಲಿ ಬರಿಗೈಯಲ್ಲಿ ಮುಟ್ಟಬೇಡಿ. ತನ್ನದಲ್ಲದ ನೆಲದಲ್ಲಿ ಇದು ಹಾನಿಯನ್ನೂ ಮಾಡುತ್ತದೆ: ಹಡಗು ಹತ್ತಿ ಹೋದ ಸುಂಡಿಲಿ ಮಾರಿಷಸ್‌ನಂಥ ದ್ವೀಪಗಳಲ್ಲಿ ಅಲ್ಲಿಯ ಹಲ್ಲಿ ಜಾತಿಯ ಪ್ರಾಣಿಗಳಿಗೆ ಕುತ್ತಾಗಿದೆ. ನಮ್ಮ ನೆಲದಲ್ಲಾದರೋ ಅದು ಮೂಲನಿವಾಸಿ.

ಈಗ ಪಾಷಾಣದ ಮಾತು. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೊಲೋನ್ ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಪ್ರಾಣಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಕಣಜ ಗೂಬೆ ಅದನ್ನು ಹಿಡಿದು ತಿಂದರೆ ವಿಷ ಗೂಬೆಯ ಹೊಟ್ಟೆಗೂ ಹೋಯಿತು. ಸುಂಡಿಲಿ ಸತ್ತರೆ ಉಳಿಯುವುದು ಜಿರಳೆ. ಗಮ್ ಬೋರ್ಡ್ ಇನ್ನೂ ಕ್ರೂರ; ಅಂಟಿಕೊಂಡ ಜೀವ ನರಳಿ ನರಳಿ ಸಾಯುತ್ತದೆ.

ಇಲಿಬೋನಿಗೆ ಸುಂಡಿಲಿ ಬಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಇಷ್ಟು ಚಿಕ್ಕ ಮೈ ಬೆಚ್ಚಗಿರಬೇಕಾದರೆ ಮತ್ತೆ ಮತ್ತೆ ತಿನ್ನುತ್ತಲೇ ಇರಬೇಕು, ಕೆಲವೇ ಗಂಟೆ ಆಹಾರವಿಲ್ಲದಿದ್ದರೂ ಜೀವಕ್ಕೆ ಅಪಾಯ. ಕಾಡಿನಲ್ಲಿ ಸುಂಡಿಲಿಗಳ ಅಧ್ಯಯನ ಮಾಡುವವರು ಇದೇ ಭಯಕ್ಕೆ ನಡುರಾತ್ರಿಯಲ್ಲೂ ಎದ್ದು ಬೋನು ನೋಡಿ ಬರುತ್ತಾರೆ.

ಬರದಂತೆ ತಡೆಯುವುದು ಸುಲಭ. ಬಚ್ಚಲ ತೂಬಿಗೆ ಜಾಲರಿ ಹಾಕಿಸಿ, ಬಾಗಿಲಡಿಯ ಸಂದು ಮುಚ್ಚಿ, ನಾಯಿ ಬೆಕ್ಕಿನ ತಟ್ಟೆಯನ್ನು ರಾತ್ರಿ ತೊಳೆದಿಡಿ. ಆದರೂ ಒಳಗೆ ಬಂತು ಅಂತಿಟ್ಟುಕೊಳ್ಳಿ, ಪೊರಕೆ ಹಿಡಿದು ಅಟ್ಟಾಡಿಸಬೇಡಿ. ಹೊರಬಾಗಿಲು ತೆರೆದು, ಒಳಗಿನ ದೀಪ ಆರಿಸಿ, ಗೋಡೆಯುದ್ದಕ್ಕೂ ಇರುವ ಚಪ್ಪಲಿ, ಡಬ್ಬ ಎಲ್ಲ ಸರಿಸಿಬಿಡಿ. ಅಂಚು ಹಿಡಿದುಕೊಂಡು ಅದೇ ಬಾಗಿಲ ತನಕ ಹೋಗುತ್ತದೆ.